ಹಿಂದಿನ ಸಬ್‌ಫ್ರೇಮ್ ಬುಡಕ್ಕೆ ಎಂಥ ಪ್ಲೇಟು? ಓದುಗರ ಗಾಡಿ ಪ್ರಶ್ನೆಗಳಿಗೆ ಉತ್ತರ

ಈ ಸಲ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಹಿಂದಿನ ಸಬ್‌ಫ್ರೇಮ್ (ಹಿಂದಿನ ಸಸ್ಪೆನ್ಷನ್ನನ್ನು ಹೊತ್ತ ಉಕ್ಕಿನ ಚೌಕಟ್ಟು) ಬಾಡಿಗೆ ಸೇರುವ ಜಾಗ ಬಿರುಕು ಬಿಡುವುದು ಮತ್ತು ಅದಕ್ಕೆ ಹಾಕುವ ಬಲಪ್ಲೇಟು. ಅವುಗಳನ್ನೆಲ್ಲ ಒಟ್ಟಿಗೆ ಇಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮದು 2004ರ ಬಿಎಂಡಬ್ಲ್ಯು 318ಐ, ಇ46 ಮಾದರಿ, ಮ್ಯಾನ್ಯುವಲ್ ಗೇರು. ಒಂದನೇ ಗೇರಿನಲ್ಲಿ ಕ್ಲಚ್ ಬಿಡುವಾಗ ಹಿಂದೆ 'ಟಕ್' ಎನ್ನುತ್ತದೆ. ಸಬ್‌ಫ್ರೇಮ್ ಬೋಲ್ಟು ಕೂರುವ ಶೀಟು ಬಿರುಕು ಬಿಟ್ಟಿದೆ, ನಾಲ್ಕು ಪ್ಲೇಟು ಹಾಕಿಸಿ ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಆನ್‌ಲೈನ್‌ನಲ್ಲಿ 2 ಮಿ.ಮೀ. ಕಿಟ್ಟೂ ಇದೆ, 3 ಮಿ.ಮೀ. ಕಿಟ್ಟೂ ಇದೆ. ದಪ್ಪನೆಯದೇ ಒಳ್ಳೆಯದಲ್ಲವೆ? ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ಲೇಸರ್ ಕಟಿಂಗ್ ಮಾಡಿಸಿದರೆ ಆಗುತ್ತದೆಯೆ?
— ಸರಸ್ವತಿಪುರಂ, ಮೈಸೂರು

ಉತ್ತರ: ಪ್ಲೇಟು ಕೊಳ್ಳುವ ಮುಂಚೆ ಬಿರುಕು ನಿಜವಾಗಿ ಇದೆಯೇ, ಇದ್ದರೆ ಎಲ್ಲಿಂದ ಎಲ್ಲಿಗೆ ಓಡಿದೆ ಎಂಬುದು ತಿಳಿಯಬೇಕು. ಅದೇ 'ಟಕ್' ಸದ್ದು ಡಿಫರೆನ್ಷಿಯಲ್, ಅಂದರೆ ಹಿಂಚಕ್ರಗಳಿಗೆ ಬಲ ಹಂಚುವ ಗೇರುಪೆಟ್ಟಿಗೆಯ ಬುಷ್ (ಜೋಡಣೆಯ ನಡುವೆ ಕೂರುವ ರಬ್ಬರ್ ಮೆತ್ತೆ) ಸವೆದರೂ ಬರುತ್ತದೆ. ಟ್ರೇಲಿಂಗ್ ಆರ್ಮ್ (ಹಿಂಚಕ್ರವನ್ನು ಹಿಡಿದ ತೋಳು) ಬುಷ್ ಹೋದರೂ, ಗೇರುಬಾಕ್ಸಿನಿಂದ ಹಿಂದಕ್ಕೆ ಬಲ ತರುವ ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಕಪ್ಲಿಂಗ್ ಸೀಳಿದರೂ ಬರುತ್ತದೆ. ಗಾಡಿಯನ್ನು ಲಿಫ್ಟಿಗೆ ಏರಿಸಿ, ಸಬ್‌ಫ್ರೇಮ್ ಮತ್ತು ಬಾಡಿಯ ನಡುವೆ ಸಣ್ಣ ಹಾರೆಯಿಟ್ಟು ಮೀಟಿಸಿ ನೋಡಿ. ಬುಷ್ ರಬ್ಬರ್ ಮಾತ್ರ ಅಲುಗಿದರೆ ತೊಂದರೆ ಬುಷ್‌ನದು. ಬೋಲ್ಟಿನ ಸುತ್ತಲಿನ ಬಾಡಿ ಶೀಟೇ ಸಬ್‌ಫ್ರೇಮ್ ಜೊತೆ ಉಸಿರಾಡಿದಂತೆ ಏರಿಳಿದರೆ ಬಿರುಕು ಖಚಿತ.

ಅಂಡರ್‌ಕೋಟಿಂಗ್ ಮೇಲಿಂದ ನೋಡಿ 'ಏನೂ ಇಲ್ಲ' ಎನ್ನುವುದು ಸಲ್ಲದು. ಆ ರಬ್ಬರಿನಂಥ ಲೇಪ ಹಿಗ್ಗುತ್ತದೆ, ಅದರಡಿಯ ಶೀಟು ಸೀಳಿರುತ್ತದೆ. ನಾಲ್ಕೂ ಬೋಲ್ಟಿನ ಸುತ್ತ ಒಂದು ಗೇಣಿನಷ್ಟು ಜಾಗದ ಲೇಪವನ್ನು ಹೀಟ್‌ಗನ್ನಿನಿಂದ ಮೆತ್ತಗೆ ಮಾಡಿ ಕೆರೆದು, ವೈರ್ ಬ್ರಷ್ಷಿನಿಂದ ಬರಿ ಲೋಹ ಕಾಣುವಂತೆ ಮಾಡಬೇಕು. ಆಮೇಲೆ ಡೈ ಪೆನಿಟ್ರೆಂಟ್ ಪರೀಕ್ಷೆ. ಇದು ಮೂರು ಡಬ್ಬಿಗಳ ಸೆಟ್ಟು: ಕ್ಲೀನರ್, ಕೆಂಪು ಬಣ್ಣ, ಬಿಳಿ ಡೆವಲಪರ್. ಕ್ಲೀನರಿನಿಂದ ಒರೆಸಿ, ಕೆಂಪು ಬಣ್ಣ ಹೊಡೆದು 10ರಿಂದ 15 ನಿಮಿಷ ಬಿಡಿ. ಮೇಲಿನ ಬಣ್ಣವನ್ನು ತೆಗೆಯುವಾಗ ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು ಒರೆಸಬೇಕು. ನೇರವಾಗಿ ಶೀಟಿನ ಮೇಲೆ ಹೊಡೆದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ. ನಂತರ ಬಿಳಿ ಡೆವಲಪರನ್ನು ತೆಳುವಾಗಿ ಹೊಡೆದು ಇನ್ನೊಂದು 10 ನಿಮಿಷ ಕಾಯ್ದರೆ ಬಿರುಕು ಇರುವಲ್ಲಿ ಕೆಂಪು ಗೆರೆ ಎದ್ದು ಬರುತ್ತದೆ. ಡಿಕ್ಕಿಯ ಕಾರ್ಪೆಟ್ ತೆಗೆದು ಮೇಲಿನ ಪದರವನ್ನೂ ನೋಡಿ. ಅಲ್ಲಿ ಸ್ಪಾಟ್ ವೆಲ್ಡಿನ (ಕಾರ್ಖಾನೆಯಲ್ಲಿ ಶೀಟುಗಳನ್ನು ಅಲ್ಲಲ್ಲಿ ಚುಕ್ಕೆಯಾಗಿ ಬೆಸೆದದ್ದು) ಬೊಟ್ಟುಗಳು ಕಿತ್ತು ಬಂದಿದ್ದರೆ ಕೆಳಗೆ ಎಷ್ಟು ಪ್ಲೇಟು ಹಾಕಿದರೂ ಅರ್ಧ ಕೆಲಸವೇ.

ಈ ಜಾಗವೇ ಸೀಳುವುದೇಕೆ? 1998ರಿಂದ 2006ರ ನಡುವೆ ಬಂದ ಇ46ರಲ್ಲಿ ಡಿಫರೆನ್ಷಿಯಲ್ ಮುಂದೆ ಒಂದು, ಹಿಂದೆ ಎರಡು ಬೋಲ್ಟುಗಳಿಂದ ಸಬ್‌ಫ್ರೇಮಿಗೆ ತೂಗಿಕೊಂಡಿರುತ್ತದೆ. ಸಬ್‌ಫ್ರೇಮ್ ನಾಲ್ಕು ಕಡೆ ಬಾಡಿಗೆ ಸೇರುತ್ತದೆ. ಗಾಡಿ ಎಳೆಯುವಾಗ ಚಕ್ರ ಮುಂದಕ್ಕೆ ತಿರುಗುತ್ತದೆ, ಅದರ ಪ್ರತಿಬಲಕ್ಕೆ ಡಿಫರೆನ್ಷಿಯಲ್ಲಿನ ಮೂತಿ ಮೇಲೇಳಲು ನೋಡುತ್ತದೆ. ಮುಂದಿನ ಎರಡು ಬುಡಗಳು ಮೇಲಕ್ಕೆ ಒತ್ತಲ್ಪಡುತ್ತವೆ, ಹಿಂದಿನವು ಕೆಳಕ್ಕೆ ಜಗ್ಗಲ್ಪಡುತ್ತವೆ. ಆಕ್ಸಲರೇಟರಿನಿಂದ ಕಾಲು ತೆಗೆದಾಗ ಇದೆಲ್ಲ ತಿರುಗುಮುರುಗು. ಈ ಏರಿಳಿತವನ್ನು ಸಹಿಸಬೇಕಾದ್ದು ಸುಮಾರು ಒಂದು ಮಿ.ಮೀ. ಆಸುಪಾಸಿನ, ಅಚ್ಚಿನಲ್ಲಿ ಒತ್ತಿದ ಶೀಟುಗಳ ಟೊಳ್ಳು ಪೆಟ್ಟಿಗೆ ಮತ್ತು ಅವನ್ನು ಹಿಡಿದಿರುವ ಸ್ಪಾಟ್ ವೆಲ್ಡುಗಳು. ಒಂದು ದೊಡ್ಡ ಹೊಡೆತಕ್ಕೆ ಮುರಿಯುವ ಜಾಗವಲ್ಲ ಇದು. ಲಕ್ಷಾಂತರ ಸಲ ಸಣ್ಣಗೆ ಬಾಗಿ ದಣಿದು ಸೀಳುವ ಜಾಗ. ಹಾಗಾಗಿಯೇ ನಿಧಾನವಾಗಿ ಓಡಿಸುವವರ ಗಾಡಿಯಲ್ಲೂ ಸೀಳುತ್ತದೆ.

ಇನ್ನು ದಪ್ಪದ ವಿಷಯ. ನಮ್ಮ ಸಲಹೆ 2 ಮಿ.ಮೀ., ಅಂದರೆ ನಮ್ಮ ಶೀಟಿನ ಅಂಗಡಿಗಳ ಲೆಕ್ಕದಲ್ಲಿ 14 ಗೇಜು. ಒಂದು ಮಿ.ಮೀ. ಶೀಟಿಗೆ 3 ಮಿ.ಮೀ. ಪ್ಲೇಟು ಬೆಸೆದರೆ ಪ್ಲೇಟು ಇರುವಷ್ಟು ಜಾಗ ಒಂಚೂರೂ ಬಾಗುವುದಿಲ್ಲ. ಬಾಗುವುದೆಲ್ಲ ಅದರ ಅಂಚಿಗೆ ಬಂದು ಕೂರುತ್ತದೆ. ಹಳೇ ಪಂಚೆಗೆ ದಪ್ಪ ತೇಪೆ ಹಾಕಿದರೆ ತೇಪೆಯ ಹೊಲಿಗೆಯ ಪಕ್ಕದಲ್ಲೇ ಹರಿಯುವ ಹಾಗೆ, ಹೊಸ ಬಿರುಕು ಪ್ಲೇಟಿನ ಅಂಚಿನುದ್ದಕ್ಕೇ ಓಡುತ್ತದೆ. ಜೊತೆಗೆ 3 ಮಿ.ಮೀ. ಪ್ಲೇಟನ್ನು ಬೋಲ್ಟು ಕೂರುವ ಆ ಬಟ್ಟಲಿನಾಕಾರದ ಏರುತಗ್ಗಿಗೆ ಸುತ್ತಿಗೆಯಿಂದ ಕೂರಿಸುವುದು ಬಲು ಕಷ್ಟ. ಕೂರದೆ ಎದ್ದುನಿಂತ ಪ್ಲೇಟಿನಡಿ ಸಂದು ಉಳಿಯುತ್ತದೆ. ಆ ಸಂದಿಗೆ ನೀರು ಹೋಗುತ್ತದೆ, ವೆಲ್ಡೂ ಸರಿಯಾಗಿ ಹಿಡಿಯುವುದಿಲ್ಲ. ಸಂದು ಅರ್ಧ ಮಿ.ಮೀ. ಮೀರಬಾರದು.

ದಪ್ಪಕ್ಕಿಂತ ಪ್ಲೇಟು ಎಲ್ಲಿಯವರೆಗೆ ಚಾಚಿದೆ ಎಂಬುದು ದೊಡ್ಡ ವಿಷಯ. ಬೋಲ್ಟಿನ ಸುತ್ತ ಮಾತ್ರ ಇರುವ ಬಿಲ್ಲೆಯಾಕಾರದ ಪ್ಲೇಟುಗಳನ್ನು ಕೊಳ್ಳಬೇಡಿ, ಅವು ಹೊರೆಯನ್ನು ಅದೇ ದಣಿದ ಶೀಟಿಗೆ ವಾಪಸು ಕೊಡುತ್ತವೆ. ಮೂಲ ಸ್ಪಾಟ್ ವೆಲ್ಡುಗಳ ಸಾಲನ್ನು ದಾಟಿ ಕನಿಷ್ಠ 40ರಿಂದ 50 ಮಿ.ಮೀ. ಹೋಗಬೇಕು. ಒಂದು ಕಡೆಯಾದರೂ ಎರಡು ಪದರ ಸೇರಿರುವ ಗಟ್ಟಿ ಜಾಗವನ್ನು, ಅಂದರೆ ಉದ್ದದ ಚಾಸಿ ಬಾಕ್ಸನ್ನೋ ಅಡ್ಡ ಮಡಿಕೆಯನ್ನೋ ಮುಟ್ಟಬೇಕು. ಮೂಲೆಗಳು ಚೂಪಾಗಿರಬಾರದು, 15 ಮಿ.ಮೀ. ತ್ರಿಜ್ಯದಷ್ಟು ದುಂಡಗಿರಲಿ. 150ಕ್ಕೆ 200 ಮಿ.ಮೀ. ಅಳತೆಯ 2 ಮಿ.ಮೀ. ಪ್ಲೇಟೊಂದು ಅರ್ಧ ಕೆ.ಜಿ.ಗಿಂತ ಕಮ್ಮಿ ತೂಗುತ್ತದೆ. ನಾಲ್ಕೂ ಸೇರಿ ಎರಡು ಕೆ.ಜಿ. ದಾಟದು. ಆದ್ದರಿಂದ ತೂಕಕ್ಕೆ ಹೆದರಿ ಚಿಕ್ಕದನ್ನು ಆರಿಸುವ ಅಗತ್ಯವಿಲ್ಲ.

ಲೇಸರ್ ಕಟಿಂಗ್ ಖಂಡಿತ ಮಾಡಿಸಬಹುದು, ಕಿಟ್ಟಿಗಿಂತ ಚೆನ್ನಾಗಿಯೇ ಕೂರುವಂತೆ ಮಾಡಿಸಬಹುದು. ಸಬ್‌ಫ್ರೇಮ್ ಇಳಿಸಿದ ಮೇಲೆ ತೆಳು ರಟ್ಟಿನಲ್ಲಿ ನಾಲ್ಕು ಜಾಗಕ್ಕೂ ಬೇರೆ ಬೇರೆ ಮಾದರಿ ಕತ್ತರಿಸಿ. ಎಡದ್ದನ್ನೇ ಮಗುಚಿ ಬಲಕ್ಕೆ ಬಳಸಬೇಡಿ. ಶೀಟು ಸಿಆರ್‌ಸಿಎ (ತಣ್ಣಗೆ ಉರುಳಿಸಿ ಹದಗೊಳಿಸಿದ ನಯವಾದ ಉಕ್ಕು) ಆಗಿರಲಿ. ಹಾಟ್ ರೋಲ್ಡ್ ಆದರೆ ಕಪ್ಪು ಪೊರೆಯನ್ನು ಪೂರ್ತಿ ಉಜ್ಜಿ ತೆಗೆಯಬೇಕು. ಜಿಐ (ಸತು ಲೇಪಿಸಿದ) ಶೀಟು ಬೇಡ, ವೆಲ್ಡ್ ಮಾಡುವಾಗ ಏಳುವ ಸತುವಿನ ಹೊಗೆಗೆ ಚಳಿಜ್ವರ ಬರುತ್ತದೆ, ವೆಲ್ಡಿನಲ್ಲೂ ಗುಳ್ಳೆ ಬೀಳುತ್ತದೆ. ಸ್ಟೇನ್‌ಲೆಸ್ ಬೇಡ. ಕೆಲವರು 'ಗಟ್ಟಿ ಇರಲಿ' ಎಂದು ಹಳೇ ಲಾರಿಯ ಕಮಾನುಪಟ್ಟೆ ಕತ್ತರಿಸಿ ಹಾಕುತ್ತಾರೆ. ಅದು ಇಂಗಾಲ ಹೆಚ್ಚಿರುವ ಉಕ್ಕು, ವೆಲ್ಡಿನ ಪಕ್ಕ ಪೆಡಸಾಗಿ ತಾನೇ ಸೀಳುತ್ತದೆ. ಪ್ಲೇಟಿನೊಳಗೆ 35ರಿಂದ 40 ಮಿ.ಮೀ.ಗೊಂದರಂತೆ 8 ಮಿ.ಮೀ. ತೂತುಗಳನ್ನು ಲೇಸರಿನಲ್ಲೇ ಹಾಕಿಸಿ, ತೂತಿನೊಳಗೆ ಲೋಹ ತುಂಬಿ ಬೆಸೆಯುವ ಪ್ಲಗ್ ವೆಲ್ಡಿಗೆ ಬೇಕಾಗುತ್ತವೆ.

ಇನ್ನೊಂದು ಆಯ್ಕೆ ಬಹಳ ಮುಖ್ಯ. ಬುಷ್‌ನೊಳಗಿನ ಲೋಹದ ಸ್ಲೀವು ಬಾಡಿಯ ಬಟ್ಟಲಿಗೆ ನೇರವಾಗಿ ಕೂರುತ್ತದೆಯೋ, ಪ್ಲೇಟಿನ ಮೇಲೆ ಕೂರುತ್ತದೆಯೋ? ನಡುವೆ ದೊಡ್ಡ ತೂತಿದ್ದು ಸ್ಲೀವು ಮೂಲ ಲೋಹಕ್ಕೇ ಕೂರುವ ಪ್ಲೇಟಾದರೆ ಎತ್ತರ ಬದಲಾಗುವುದಿಲ್ಲ. ಸ್ಲೀವಿನಡಿಗೆ ಬರುವ ಪ್ಲೇಟಾದರೆ ಸಬ್‌ಫ್ರೇಮ್ ಅಷ್ಟು ಮಿ.ಮೀ. ಕೆಳಗಿಳಿಯುತ್ತದೆ. ನಾಲ್ಕೂ ಕಡೆ ಒಂದೇ ದಪ್ಪವಿದ್ದರೆ ಸರಿ. ಹಿಂದೆ ಮಾತ್ರ ಹಾಕಿ ಮುಂದೆ ಬಿಟ್ಟರೆ ಡಿಫರೆನ್ಷಿಯಲ್ಲಿನ ಮೂತಿಯ ಕೋನ ಬದಲಾಗಿ ಪ್ರೊಪೆಲ್ಲರ್ ಶಾಫ್ಟು ವೇಗದಲ್ಲಿ ನಡುಗುತ್ತದೆ. ಬೋಲ್ಟು ಕೂಡ ನಟ್ಟಿನೊಳಗೆ ಅಷ್ಟು ಕಮ್ಮಿ ಹೋಗುತ್ತದೆ. ಎಂ12 (12 ಮಿ.ಮೀ. ದಪ್ಪದ) ಬೋಲ್ಟಿಗೆ ಕನಿಷ್ಠ 12 ಮಿ.ಮೀ., ಅಂದರೆ 1.5 ಪಿಚ್ಚಿನಲ್ಲಿ 8 ಸುತ್ತು ಒಳಗಿರಲೇಬೇಕು. ಇಲ್ಲವಾದರೆ ಅದೇ ದರ್ಜೆಯ ಉದ್ದದ ಬೋಲ್ಟು ತನ್ನಿ.

ಪ್ರಶ್ನೆ: ನಮ್ಮ ಗ್ಯಾರೇಜಿಗೆ ಇಂಥದೇ ಗಾಡಿ ಬಂದಿದೆ. ಪ್ಲೇಟು ಬೆಸೆಯಲು ಹೋದರೆ ಬಾಡಿ ಶೀಟು ಕರಗಿ ತೂತಾಗುತ್ತಿದೆ. ಕರೆಂಟು ಇಳಿಸಿದರೆ ವೆಲ್ಡು ಮೇಲೆ ಮುದ್ದೆಯಾಗಿ ಕೂತು, ಸುತ್ತಿಗೆಯಲ್ಲಿ ತಟ್ಟಿದರೆ ಬಿಟ್ಟುಕೊಳ್ಳುತ್ತದೆ. ಏನು ಮಾಡೋಣ?
— ತೂಬಿನಕೆರೆ, ಮಂಡ್ಯ ಜಿಲ್ಲೆ

ಉತ್ತರ: ಆರ್ಕ್ ಕಡ್ಡಿಯಲ್ಲಿ ಮಾಡುತ್ತಿದ್ದರೆ ಈಗಲೇ ನಿಲ್ಲಿಸಿ. ಗ್ಯಾಸ್ ವೆಲ್ಡಿಂಗೂ ಬೇಡ, ಸುತ್ತಲಿನ ಶೀಟೆಲ್ಲ ಕಾದು ಸೊಟ್ಟಗಾಗುತ್ತದೆ. ಸಿಒ2 ವೆಲ್ಡಿಂಗೇ (ಗ್ಯಾಸಿನ ರಕ್ಷಣೆಯಲ್ಲಿ ತಂತಿಯನ್ನು ಕರೆಂಟಿನಿಂದ ಕರಗಿಸಿ ಬೆಸೆಯುವುದು) ಬೇಕು. 0.8 ಮಿ.ಮೀ. ತಂತಿ, 60ರಿಂದ 80 ಆಂಪಿಯರ್. ಆರ್ಗಾನ್ 80, ಸಿಒ2 20 ಮಿಶ್ರಣ ಸಿಕ್ಕರೆ ತೆಳು ಶೀಟಿಗೆ ಬರಿ ಸಿಒ2ಗಿಂತ ಸೌಮ್ಯ. ಗ್ಯಾಸಿನ ಹರಿವು ನಿಮಿಷಕ್ಕೆ 10ರಿಂದ 12 ಲೀಟರ್ ಇರಲಿ, ಫ್ಯಾನು ಆರಿಸಿ.

ತೂತಾಗುವುದಕ್ಕೆ ಕಾರಣ ಕೈಯ ದಿಕ್ಕು. ಬೆಂಕಿಯನ್ನು ದಪ್ಪ ಪ್ಲೇಟಿನ ಮೇಲೆ ಹಚ್ಚಿ, ಕರಗಿದ ಲೋಹವನ್ನು ತೆಳು ಶೀಟಿನತ್ತ ಸವರಿ ಮತ್ತೆ ಪ್ಲೇಟಿಗೆ ವಾಪಸು ಬರಬೇಕು. 25 ಮಿ.ಮೀ. ಎಳೆದು ಬಿಡಿ, ಎದುರು ಬದಿಗೆ ಹೋಗಿ ಇನ್ನೊಂದು 25 ಎಳೆಯಿರಿ. ಮೊದಲಿನದು ಕೈಯಲ್ಲಿ ಮುಟ್ಟುವಷ್ಟು ತಣ್ಣಗಾದ ಮೇಲಷ್ಟೇ ಅದರ ಪಕ್ಕಕ್ಕೆ ಬನ್ನಿ. ನೀರು ಎರಚಿ ತಣಿಸಬೇಡಿ, ಪೆಡಸಾಗುತ್ತದೆ. ಮೂಲೆಯಲ್ಲಿ ವೆಲ್ಡು ಶುರು ಮಾಡಬೇಡಿ, ಮುಗಿಸಲೂ ಬೇಡಿ. ಮೂಲೆಯನ್ನು ಸುತ್ತಿಕೊಂಡು ದಾಟಿ ನೇರ ಜಾಗದಲ್ಲಿ ನಿಲ್ಲಿಸಿ. ವೆಲ್ಡು ಮುದ್ದೆಯಾಗಿ ಕೂರುವುದು ಕರೆಂಟು ಕಮ್ಮಿಯಾದ್ದಕ್ಕಷ್ಟೇ ಅಲ್ಲ, ಶೀಟಿನ ಮೇಲೆ ಬಣ್ಣವೋ ಮೇಣವೋ ಉಳಿದದ್ದಕ್ಕೂ ಇರಬಹುದು. ಅಂಚಿನಿಂದ 30 ಮಿ.ಮೀ. ಆಚೆಯವರೆಗೂ ಹೊಳೆಯುವ ಲೋಹ ಕಾಣಬೇಕು. ಕೆಲಸ ಶುರುಮಾಡುವ ಮುಂಚೆ ಅದೇ ದಪ್ಪದ ಎರಡು ತುಂಡು ಬೆಸೆದು, ಬಗ್ಗಿಸಿ ಕಿತ್ತು ನೋಡಿ. ವೆಲ್ಡು ಬಿಡದೆ ತೆಳು ಶೀಟೇ ಹರಿದು ಬಂದರೆ ಸೆಟ್ಟಿಂಗ್ ಸರಿಯಿದೆ ಎಂದರ್ಥ.

ಬಿರುಕನ್ನು ಹಾಗೇ ಬಿಟ್ಟು ಮೇಲೆ ಪ್ಲೇಟು ಮುಚ್ಚುವಂತಿಲ್ಲ. ಎರಡೂ ತುದಿಗೆ 3 ಮಿ.ಮೀ. ತೂತು ಕೊರೆದು ಅದು ಮುಂದೆ ಓಡದಂತೆ ಕಟ್ಟಿ, ಉದ್ದಕ್ಕೂ ಸ್ವಲ್ಪ ಕೆತ್ತಿ, ಬೆಸೆದು, ಗ್ರೈಂಡರಿನಲ್ಲಿ ಸಮ ಮಾಡಿದ ಮೇಲೆ ಪ್ಲೇಟು. ತುದಿ ಎಲ್ಲಿದೆ ಎಂಬುದನ್ನು ಕಣ್ಣಿನಲ್ಲಿ ಅಂದಾಜು ಮಾಡದೆ ಕೆಂಪು ಡೈ ತೋರಿಸಿದ ಗೆರೆಯ ಕೊನೆಯನ್ನೇ ಗುರುತು ಹಾಕಿಕೊಳ್ಳಿ. ಪ್ಲೇಟು ಒತ್ತಿ ಹಿಡಿಯಲು ಹಳೆಯ ಸಬ್‌ಫ್ರೇಮ್ ಬೋಲ್ಟಿಗೇ ದಪ್ಪ ವಾಷರ್ ಹಾಕಿ ಬಿಗಿಯಿರಿ. ಪ್ಲೇಟು ಅಲುಗದು, ನಟ್ಟಿನ ಥ್ರೆಡ್ಡಿಗೆ ಕಿಡಿ ಹಾರಿ ಅಂಟುವುದೂ ತಪ್ಪುತ್ತದೆ. ಕೊನೆಯಲ್ಲಿ ಥ್ರೆಡ್ಡು ಚೊಕ್ಕ ಮಾಡುವ 12ಕ್ಕೆ 1.5 ಟ್ಯಾಪನ್ನು ಕೈಯಲ್ಲೇ ಒಮ್ಮೆ ಓಡಿಸಿ.

ಈಗ ಜೀವದ ಮಾತು, ದಯವಿಟ್ಟು ಅವಸರ ಮಾಡಬೇಡಿ. ಈ ಗಾಡಿಯ ಪೆಟ್ರೋಲ್ ಟ್ಯಾಂಕು ಹಿಂದಿನ ಸೀಟಿನಡಿ, ಸಬ್‌ಫ್ರೇಮಿಗೆ ಮುಂದೆಯೇ ಇದೆ. ಮುಂದಿನ ಎರಡು ಪ್ಲೇಟು ಬೆಸೆಯುವ ಮುಂಚೆ ಟ್ಯಾಂಕು ಇಳಿಸಿ ಶೆಡ್ಡಿನಿಂದ ಆಚೆ ಸಾಗಿಸಲೇಬೇಕು. ಒದ್ದೆ ಗೋಣಿ ಹೊದಿಸಿ ಮಾಡುತ್ತೇವೆ ಎನ್ನುವವರ ಮಾತು ಕೇಳಬೇಡಿ. ಪೆಟ್ರೋಲ್ ಪೈಪು, ಬ್ರೇಕ್ ಪೈಪುಗಳನ್ನೂ ಸರಿಸಬೇಕು. ಮೇಲೆ ಡಿಕ್ಕಿಯಲ್ಲೂ ಸೀಟಿನಡಿಯಲ್ಲೂ ಅಂಟಿಸಿರುವ ಡಾಂಬರಿನ ಶೀಟು, ಸ್ಪಂಜು, ವೈರಿಂಗ್ ಎಲ್ಲ ತೆಗೆಯಿರಿ. ಕೆಳಗೆ ವೆಲ್ಡ್ ಮಾಡುವಾಗ ಮೇಲೆ ಹೊಗೆಯಾಡುವುದು ನಿಮಗೆ ಕಾಣದು, ಅಲ್ಲಿ ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿರಲಿ. ಬ್ಯಾಟರಿ ಡಿಕ್ಕಿಯ ಬಲಬದಿಯಲ್ಲಿದೆ, ಎರಡೂ ಟರ್ಮಿನಲ್ ಬಿಚ್ಚಿ. ಅರ್ಥ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದ ಬರಿ ಲೋಹಕ್ಕೇ ಹಾಕಿ. ದೂರದ ಚಕ್ರದ ಹಬ್ಬಿಗೆ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದನ್ನು ಸುಡುತ್ತದೆ.

ಪ್ರಶ್ನೆ: ವೆಲ್ಡಿಂಗ್ ಬದಲು ಎಪಾಕ್ಸಿ ಅಂಟು ಮತ್ತು ರಿವೆಟ್ಟಿನಿಂದ ಪ್ಲೇಟು ಕೂರಿಸಬಹುದಂತೆ. ಒಳಗೆ ಫೋಮ್ ತುಂಬಿಸುವುದೂ ಇದೆಯಂತೆ. ನಂಬಬಹುದೆ?
— ವಿಜಯನಗರ 2ನೇ ಹಂತ, ಮೈಸೂರು

ಉತ್ತರ: ಬಿರುಕು ಇನ್ನೂ ಬಂದಿಲ್ಲದ ಗಾಡಿಗೆ ಅಂಟು ಮತ್ತು ರಿವೆಟ್ಟು ನಿಜಕ್ಕೂ ಒಳ್ಳೆಯ ದಾರಿ. ಶಾಖ ತಗಲುವುದಿಲ್ಲ, ಒಳಗಿನ ತುಕ್ಕುನಿರೋಧಕ ಲೇಪ ಸುಡುವುದಿಲ್ಲ, ಹೊರೆ ಅಂಚಿನ ವೆಲ್ಡಿಗೆ ಮಾತ್ರ ಬೀಳದೆ ಇಡೀ ಮೈಗೆ ಹಂಚಿಹೋಗುತ್ತದೆ. ಆದರೆ ಅದು ಬಾಡಿ ಕೆಲಸಕ್ಕೆಂದೇ ಬರುವ ಎರಡು ಭಾಗದ ಸ್ಟ್ರಕ್ಚರಲ್ ಎಪಾಕ್ಸಿ ಆಗಿರಬೇಕು. ಹಾರ್ಡ್‌ವೇರ್ ಅಂಗಡಿಯ ಸಣ್ಣ ಟ್ಯೂಬು ಇಲ್ಲಿಗಲ್ಲ. ಅಂಟು ಜಾರುವ ಬಲವನ್ನು ಚೆನ್ನಾಗಿ ತಡೆಯುತ್ತದೆ, ಸಿಪ್ಪೆ ಸುಲಿದಂತೆ ಎಳೆಯುವ ಬಲಕ್ಕೆ ಸೋಲುತ್ತದೆ. ರಿವೆಟ್ಟು ಇರುವುದು ಅದಕ್ಕೇ: 6 ಮಿ.ಮೀ. ಉಕ್ಕಿನ ಸ್ಟ್ರಕ್ಚರಲ್ ರಿವೆಟ್ಟು, ಅಂಚಿಗೆ ಹತ್ತಿರ. ಅಲ್ಯುಮಿನಿಯಂ ಪಾಪ್ ರಿವೆಟ್ಟು ಬೇಡ. ಎರಡೂ ಮೈ ಒರಟಾದ ಬರಿ ಲೋಹವಾಗಿರಬೇಕು. ಪೂರ್ತಿ ಒತ್ತಿ ಅಂಟನ್ನೆಲ್ಲ ಹೊರಗೆ ಹಿಂಡಿಬಿಟ್ಟರೆ ಹಿಡಿತ ಹೋಗುತ್ತದೆ, ನಡುವೆ ತೆಳು ಪದರ ಉಳಿಯಬೇಕು. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಗಾಡಿ ಅಲುಗಿಸದೆ ಬಿಡಿ.

ಬಿರುಕು ಬಂದಾಗಿದ್ದರೆ ಅದನ್ನು ಮೊದಲು ಬೆಸೆಯಲೇಬೇಕು, ಅಂಟು ಬಿರುಕನ್ನು ಕೂಡಿಸುವುದಿಲ್ಲ. ಬೆಸೆದ ಮೇಲೆ ಪಕ್ಕದಲ್ಲೇ ಅಂಟು ಹಾಕಬಹುದು. ಅಂಟು ಹಾಕಿದ ಮೇಲೆ ಪಕ್ಕದಲ್ಲಿ ಬೆಸೆಯಬಾರದು. ಫೋಮ್ ವಿಷಯದಲ್ಲೂ ಹೀಗೆಯೇ. ಟೊಳ್ಳಿನೊಳಗೆ ಗಟ್ಟಿಯಾಗುವ ಸ್ಟ್ರಕ್ಚರಲ್ ಫೋಮ್ ತುಂಬುವುದು ತಯಾರಕರದೇ ದುರಸ್ತಿ ಕ್ರಮಗಳಲ್ಲಿ ಒಂದು. ಆದರೆ ತುಂಬಿದ ಮೇಲೆ ಅಲ್ಲಿ ವೆಲ್ಡ್ ಮಾಡಿದರೆ ಅದು ಹೊತ್ತಿ ವಿಷದ ಹೊಗೆ ಬಿಡುತ್ತದೆ. ಬಾಗಿಲಿನ ಸಂದಿಗೆ ತುಂಬುವ ಹಳದಿ ಪಿಯು (ಪಾಲಿಯುರೆಥೇನ್) ಫೋಮನ್ನು ಮಾತ್ರ ಯಾರೂ ತುಂಬಿಸಬೇಡಿ. ಅದಕ್ಕೆ ಬಲವಿಲ್ಲ, ನೀರನ್ನು ಒಳಗೇ ಹಿಡಿದಿಟ್ಟು ಶೀಟನ್ನು ತುಕ್ಕು ಹಿಡಿಸುತ್ತದೆ.

ಪ್ರಶ್ನೆ: ಸಬ್‌ಫ್ರೇಮಿಗೆ ಪಿಯು ಬುಷ್ ಹಾಕಿಸಿದರೆ ಪ್ಲೇಟು ಬೇಕಾಗುವುದಿಲ್ಲ ಅಲ್ಲವೆ?
— ಶ್ರೀರಂಗಪಟ್ಟಣ

ಉತ್ತರ: ಇಲ್ಲ. ರಬ್ಬರ್ ಬುಷ್ ಸವೆದು ಸಡಿಲವಾಗಿದ್ದರೆ ಪ್ರತಿ ಎಳೆತವೂ ಪೆಟ್ಟಾಗಿ ಬೀಳುತ್ತದೆ. ಆ ಪೆಟ್ಟನ್ನು ಹೊಸ ಬುಷ್ ತಪ್ಪಿಸುತ್ತದೆ, ಅಷ್ಟು ಲಾಭ ನಿಜ. ಗಟ್ಟಿ ಪಿಯು ಬುಷ್ ಹೊರೆಯನ್ನು ಕಡಿಮೆ ಮಾಡುವುದಿಲ್ಲ, ನುಂಗದೆ ನೇರ ಶೀಟಿಗೆ ದಾಟಿಸುತ್ತದೆ. ಊರೊಳಗೆ ಮತ್ತು ಎಕ್ಸ್‌ಪ್ರೆಸ್‌ವೇಯಲ್ಲಿ ಓಡಿಸುವ ಗಾಡಿಗೆ ಹೊಸ ಮೂಲ ರಬ್ಬರ್ ಬುಷ್ಷೇ ಸಾಕು. ಸಬ್‌ಫ್ರೇಮ್ ಹೇಗೂ ಇಳಿಸಿರುವಾಗ ನಾಲ್ಕು ಸಬ್‌ಫ್ರೇಮ್ ಬುಷ್, ಮೂರು ಡಿಫರೆನ್ಷಿಯಲ್ ಬುಷ್, ಎರಡು ಟ್ರೇಲಿಂಗ್ ಆರ್ಮ್ ಬುಷ್ ಒಟ್ಟಿಗೇ ಬದಲಾಯಿಸಿ. ಎರಡನೇ ಸಲ ಇಳಿಸುವ ಕೂಲಿ ಬುಷ್‌ಗಳ ಬೆಲೆಯನ್ನೇ ನುಂಗುತ್ತದೆ.

ಪ್ರಶ್ನೆ: ನಮ್ಮದು ಅಂಬಾಸಡರ್. ಹಿಂದಿನ ಕಮಾನುಪಟ್ಟೆಯ ಮುಂದಿನ ತುದಿ ಕೂರುವ ಚಾಸಿ ಬಾಕ್ಸು ತುಕ್ಕು ತಿಂದಿದೆ. ಅದಕ್ಕೂ ಇದೇ ರೀತಿ ಪ್ಲೇಟು ಹೊದಿಸಿದರೆ ನಡೆಯುತ್ತದೆಯೆ?
— ಮದ್ದೂರು

ಉತ್ತರ: ನಡೆಯುವುದಿಲ್ಲ. ಇ46ರಲ್ಲಿ ಲೋಹ ಚೆನ್ನಾಗಿದೆ, ದಣಿದು ಸೀಳಿದೆ. ನಿಮ್ಮದರಲ್ಲಿ ಲೋಹವೇ ಇಲ್ಲ. ತುಕ್ಕಿನ ಮೇಲೆ ಪ್ಲೇಟು ಹೊದಿಸಿದರೆ ಒಂದೆರಡು ಮಳೆಗಾಲದಲ್ಲಿ ಪ್ಲೇಟು ಹೊಸದಾಗಿಯೇ ಇದ್ದು ಅದರ ಹಿಂದಿನದೆಲ್ಲ ಪುಡಿಯಾಗಿರುತ್ತದೆ. ಅಂಬಾಸಡರಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ, ಆ ಬಾಕ್ಸು ಬಾಡಿಯದೇ ಭಾಗ. ಹೊಲಗದ್ದೆ ದಾರಿಯ ಕೆಸರು ಒಳಗೆ ಸೇರಿ ಒಣಗದೆ ಉಳಿಯುವುದರಿಂದ ಒಳಗಿನಿಂದಲೇ ತಿನ್ನುತ್ತದೆ.

ಸ್ಕ್ರೂಡ್ರೈವರಿನಿಂದ ಚುಚ್ಚುತ್ತಾ ಹೋಗಿ, ಗಟ್ಟಿ ಲೋಹ ಸಿಕ್ಕ ಮೇಲೆ ಇನ್ನೂ 25 ಮಿ.ಮೀ. ಆಚೆಗೆ ಕತ್ತರಿಸಿ ತೆಗೆಯಿರಿ. ಕತ್ತರಿಸುವ ಮುನ್ನ ಬಾಡಿಗೆ ಎರಡೂ ಕಡೆ ಸ್ಟ್ಯಾಂಡು ಕೊಟ್ಟು, ಹಿಂದಿನ ಬಾಗಿಲುಗಳ ಸಂದನ್ನು ಅಳೆದು ಬರೆದಿಡಿ. ಬಾಗಿಲು ಸಲೀಸಾಗಿ ಮುಚ್ಚುತ್ತಿದ್ದರೆ ಬಾಡಿ ಕುಸಿದಿಲ್ಲ. ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದು ಬದಿಗೆ ಕೈ ಹಾಕಿ. ತುಂಡಿನ ದಪ್ಪ ಉಳಿದ ಗಟ್ಟಿ ಲೋಹದ ದಪ್ಪಕ್ಕೆ ಹೊಂದಬೇಕು, ಹೆಚ್ಚಿನ ಕಡೆ 16 ಗೇಜು, ಅಂದರೆ 1.6 ಮಿ.ಮೀ. ಸಾಕಾಗುತ್ತದೆ. ಬಾಕ್ಸಿನ ಅಡಿಯಲ್ಲಿದ್ದ ನೀರು ಸೋರುವ ತೂತನ್ನು ಹೊಸ ತುಂಡಿನಲ್ಲೂ ಬಿಡಲೇಬೇಕು. ಮುಗಿದ ಮೇಲೆ ಒಳಗೆ ತುಕ್ಕು ತಡೆಯುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್ ಹೊಡೆಸಿ.

ಪ್ರಶ್ನೆ: ಪ್ಲೇಟು ಹಾಕಿಸಿಯಾಯಿತು. ಗಾಡಿ ಕೂಡಿಸುವಾಗ, ಆಮೇಲೆ ಏನೇನು ನೋಡಬೇಕು? ಆರ್‌ಸಿ ನವೀಕರಣಕ್ಕೆ ತೊಂದರೆಯಾಗುತ್ತದೆಯೆ?
— ಕುವೆಂಪುನಗರ, ಮೈಸೂರು

ಉತ್ತರ: ಬೆಸೆದ ಜಾಗಕ್ಕೆ ಮೊದಲು ಎಪಾಕ್ಸಿ ಪ್ರೈಮರ್, ಅಂಚಿನುದ್ದಕ್ಕೂ ಪಿಯು ಸೀಲರ್, ಅದು ಒಣಗಿದ ಮೇಲೆ ಅಂಡರ್‌ಕೋಟಿಂಗ್, ಟೊಳ್ಳಿನೊಳಗೆ ಕ್ಯಾವಿಟಿ ವ್ಯಾಕ್ಸ್. ಈ ಕ್ರಮ ತಪ್ಪಬಾರದು. ಅಂಡರ್‌ಕೋಟಿಂಗ್ ಹೊಡೆಯುವ ಮುಂಚೆ ಎಲ್ಲ ವೆಲ್ಡುಗಳ ಫೋಟೋ ತೆಗೆಸಿಕೊಳ್ಳಿ. ಸಬ್‌ಫ್ರೇಮ್ ಬೋಲ್ಟುಗಳು ಹೊಸವಾಗಿರಲಿ. ಇ46ಗೆ ಬಿಗಿತ 77 ನ್ಯೂಟನ್ ಮೀಟರ್, ಟಾರ್ಕ್ ರೆಂಚಿನಲ್ಲಿ, ಇಂಪ್ಯಾಕ್ಟ್ ಗನ್ನಿನಲ್ಲಲ್ಲ. ಟ್ರೇಲಿಂಗ್ ಆರ್ಮ್ ಬುಷ್‌ನ ಬೋಲ್ಟಿಗೆ 110, ಅದೂ ಗಾಡಿಯ ಭಾರ ಚಕ್ರದ ಮೇಲೆ ಇರುವಾಗ. ಚಕ್ರ ನೇತಾಡುವಾಗ ಬಿಗಿದರೆ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ನಂತರ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿ. ಹಿಂದಿನ ಟೋ ಮತ್ತು ಕ್ಯಾಂಬರ್ (ಚಕ್ರಗಳ ಒಳಹೊರ ತಿರುವು ಮತ್ತು ವಾಲು) ಅಳೆಯದ ಅಂಗಡಿಗೆ ಹೋಗಬೇಡಿ. 500 ಕಿ.ಮೀ. ಆದ ಮೇಲೆ ಬೋಲ್ಟುಗಳ ಬಿಗಿತ ಮತ್ತೆ ಪರೀಕ್ಷಿಸಿ. ಅಲ್ಲಿಂದಾಚೆ ಪ್ರತಿ ಸರ್ವೀಸಿನಲ್ಲೂ ಪ್ಲೇಟಿನ ಅಂಚನ್ನೂ ಡಿಕ್ಕಿಯ ನೆಲವನ್ನೂ ಟಾರ್ಚು ಹಿಡಿದು ನೋಡಿಸಿ. ಡಿಕ್ಕಿಯೊಳಗೆ ಮೇಲಿನ ಪದರದ ಸ್ಪಾಟ್ ವೆಲ್ಡು ಕಿತ್ತಿದ್ದ ಗಾಡಿಯಾದರೆ, ಬೋಲ್ಟುಗಳ ನೇರಕ್ಕೆ ಮೇಲಿನಿಂದಲೂ ಪ್ಲೇಟು ಹಾಕಿ ಚಾಸಿ ಬಾಕ್ಸುಗಳಿಗೆ ಕಟ್ಟಿದ್ದಾರೆಯೇ ಎಂದು ಈಗಲೇ ಕೇಳಿ. ಬಹಳ ಗ್ಯಾರೇಜುಗಳು ಬಿಡುವ ಕೆಲಸ ಇದೇ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡನ್ನು. ಬಿರುಕು ಬೆಸೆದು ಪ್ಲೇಟು ಹಾಕಿದರೆ ಎಂಜಿನ್, ಆಸನ, ಇಂಧನ, ಗಾಡಿಯ ಬಗೆ ಯಾವುದೂ ಬದಲಾಗುವುದಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಆ ತಪಾಸಣೆಗೆ ಹೋಗುವಾಗ ಬಿಲ್ಲು ಮತ್ತು ಫೋಟೋ ಜೊತೆಗಿರಲಿ. ಚಾಸಿ ನಂಬರ್ ಕೊರೆದ ಜಾಗಕ್ಕೆ ಗ್ರೈಂಡರ್ ತಾಗಿಸದಂತೆ, ಅದರ ಮೇಲೆ ಲೇಪ ಹೊಡೆಯದಂತೆ ಗ್ಯಾರೇಜಿನವರಿಗೆ ಮೊದಲೇ ತಿಳಿಸಿ. ವಿಮೆ ಕಂಪನಿಗೂ ದುರಸ್ತಿಯ ವಿವರ ಬರೆದು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.